ಪಳಗಿದ ಕಣ್ಣಿಗೆ ಕಾಣುವುದೇನು?

ಬೈಕನ್ನು ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಸಾಕು, ಹಳೇ ಮೆಕ್ಯಾನಿಕ್ ಅರೆಗಳಿಗೆ ಕಿವಿಗೊಟ್ಟು ‘ಟೈಮಿಂಗ್ ಚೈನ್ ಸಡಿಲ ಆಗಿದೆ’ ಎಂದುಬಿಡುತ್ತಾನೆ. ಅದೇ ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದ ಹುಡುಗ ಪ್ಲಗ್ ಬಿಚ್ಚಿ ಒರೆಸಿ, ಕಾರ್ಬುರೇಟರ್ ಇಳಿಸಿ, ಏರ್ ಫಿಲ್ಟರ್ ಕೊಡವಿ, ಗಂಟೆ ಕಳೆದರೂ ಹುಡುಕುತ್ತಲೇ ಇರುತ್ತಾನೆ. ಊರಿನ ಹಿರಿಯ ಡಾಕ್ಟರ ಬಗ್ಗೆಯೂ ಜನ ಇಂಥದೇ ಮಾತಾಡುತ್ತಾರೆ: ರೋಗಿ ಬಂದು ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ಅವರಿಗೆ ಕಾಯಿಲೆ ಅರ್ಧ ಗೊತ್ತಾಗಿರುತ್ತದೆ ಎಂದು. ಇದು ಹೇಗೆ ಎಂದು ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ, ‘ಅನುಭವ’. ಆ ಉತ್ತರ ಸರಿಯೇ, ಆದರೆ ಅದರಿಂದ ನಮ್ಮ ತಿಳಿವಳಿಕೆಗೆ ಕೂಡಿದ್ದು ಏನೂ ಇಲ್ಲ. ಇಪ್ಪತ್ತು ವರ್ಷ ಒಂದು ಕೆಲಸ ಮಾಡಿದವರ ತಲೆಯೊಳಗೆ ನಿಜವಾಗಿ ಏನು ಬದಲಾಗಿರುತ್ತದೆ? ಅವರು ನಮಗಿಂತ ವೇಗವಾಗಿ ಯೋಚಿಸುತ್ತಾರೆಯೇ? ಹೆಚ್ಚು ದೂರ ಯೋಚಿಸುತ್ತಾರೆಯೇ? ಮನೋವಿಜ್ಞಾನಿಗಳು ಎಂಬತ್ತು ವರ್ಷಗಳಿಂದ ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಅವರಿಗೆ ಮೊದಲು ಸಿಕ್ಕ ಉತ್ತರ ಅವರನ್ನೇ ತಬ್ಬಿಬ್ಬು ಮಾಡಿತು.

ಲೆಕ್ಕದಲ್ಲಿ ಕಾಣದ ಅಂತರ

ಆ ಉತ್ತರ ಹೊರಟದ್ದು ಚದುರಂಗದ ಮಣೆಯಿಂದ. ಆಡ್ರಿಯಾನ್ ಡಿ ಗ್ರೂಟ್ ನೆದರ್‌ಲ್ಯಾಂಡ್ಸಿನ ಮನೋವಿಜ್ಞಾನಿ. ಸ್ವತಃ ಒಳ್ಳೆಯ ಆಟಗಾರ. 1938ರಲ್ಲಿ ಆ ದೇಶದಲ್ಲಿ ಆವ್ರೋ ಎಂಬ ಹೆಸರಾಂತ ಪಂದ್ಯಾವಳಿ ನಡೆಯಿತು. ಅದರಲ್ಲಿ ಆಡಲು ಬಂದ ಅಲೆಖಿನ್, ಯೂವೆ, ಕೆರೆಸ್‌ರಂಥ ಅಂದಿನ ದಿಗ್ಗಜರನ್ನು ಡಿ ಗ್ರೂಟ್ ತನ್ನ ಪ್ರಯೋಗಕ್ಕೆ ಒಪ್ಪಿಸಿದ. ಮಣೆಯ ಮೇಲೆ ಒಂದು ಆಟದ ನಡುಘಟ್ಟವನ್ನು ಜೋಡಿಸಿಟ್ಟು, ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಮುಂದಿನ ನಡೆ ಆರಿಸಿ ಎಂದು ಕೇಳಿಕೊಂಡ. ಇದನ್ನೇ ಕ್ಲಬ್ ಮಟ್ಟದ ಗಟ್ಟಿ ಆಟಗಾರರಿಗೂ ಮಾಡಿಸಿದ. ಗ್ರ್ಯಾಂಡ್‌ಮಾಸ್ಟರ್ ಎಂದರೆ ಹತ್ತಾರು ನಡೆ ಮುಂದಕ್ಕೆ ಲೆಕ್ಕ ಹಾಕುವವನು ಎಂಬುದು ಆಗಿನವರ ನಂಬಿಕೆ, ಈಗಿನವರದೂ ಹೌದು. 1946ರಲ್ಲಿ ಹೊರಬಂದ ಅವನ ಪ್ರಬಂಧ ಬೇರೆಯದೇ ಹೇಳಿತು. ಎಷ್ಟು ನಡೆಗಳನ್ನು ತೂಗಿ ನೋಡಿದರು, ಎಷ್ಟು ಮುಂದಕ್ಕೆ ಯೋಚಿಸಿದರು ಎಂಬ ಎರಡೂ ಲೆಕ್ಕದಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಆದರೂ ಗ್ರ್ಯಾಂಡ್‌ಮಾಸ್ಟರ್ ಕೊನೆಗೆ ಆರಿಸುತ್ತಿದ್ದ ನಡೆ ಎದ್ದು ಕಾಣುವಷ್ಟು ಉತ್ತಮವಾಗಿರುತ್ತಿತ್ತು. ಒಳ್ಳೆಯ ನಡೆ ಅವನ ಯೋಚನೆಯ ಕೊನೆಗೆ ಹೊಳೆಯುತ್ತಿರಲಿಲ್ಲ. ಯೋಚನೆ ಶುರುವಾಗುವಾಗಲೇ ಅದು ಪಟ್ಟಿಯಲ್ಲಿ ಇರುತ್ತಿತ್ತು. ಕ್ಲಬ್ ಆಟಗಾರನ ಪಟ್ಟಿಗೆ ಆ ನಡೆ ಎಷ್ಟೋ ಸಲ ಬಂದೇ ಇರುತ್ತಿರಲಿಲ್ಲ.

ಮುಂದಿನ ಸಂಶೋಧಕರು ಇದಕ್ಕೆ ಒಂದು ತಿದ್ದುಪಡಿ ಹಾಕಿದ್ದಾರೆ, ಅದನ್ನು ಮುಚ್ಚಿಡಬಾರದು. ಕಷ್ಟದ ಸ್ಥಿತಿ ಕೊಟ್ಟು ಸಾಕಷ್ಟು ಸಮಯ ಬಿಟ್ಟರೆ ದೊಡ್ಡ ಆಟಗಾರರು ಸ್ವಲ್ಪ ಹೆಚ್ಚು ಆಳಕ್ಕೆ ಇಳಿಯುತ್ತಾರೆ. ಆದರೆ ಆ ಸ್ವಲ್ಪದಿಂದ ಆಟದಲ್ಲಿನ ಅಜಗಜಾಂತರವನ್ನು ವಿವರಿಸಲಾಗದು. ಮಿಂಚಿನ ವೇಗದ ಬ್ಲಿಟ್ಸ್ ಆಟದಲ್ಲಿ, ಲೆಕ್ಕ ಹಾಕಲು ಪುರುಸೊತ್ತೇ ಇಲ್ಲದಾಗಲೂ, ಗ್ರ್ಯಾಂಡ್‌ಮಾಸ್ಟರ್ ಸಾಮಾನ್ಯ ಆಟಗಾರನನ್ನು ಲೀಲಾಜಾಲವಾಗಿ ಸೋಲಿಸುತ್ತಾನಲ್ಲ!

ಬಿಡಿ ಅಕ್ಷರದಿಂದ ಇಡೀ ಪದಕ್ಕೆ

ಹಾಗಾದರೆ ಅಂತರ ಎಲ್ಲಿದೆ? 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಿ ಗ್ರೂಟನ ಇನ್ನೊಂದು ಪ್ರಯೋಗವನ್ನು ಎತ್ತಿಕೊಂಡು ಅದಕ್ಕೊಂದು ಜಾಣ ತಿರುವು ಕೊಟ್ಟರು. ಇಪ್ಪತ್ತೈದರ ಆಸುಪಾಸು ಕಾಯಿಗಳಿರುವ ಮಣೆಯನ್ನು 5 ಸೆಕೆಂಡು ತೋರಿಸಿ ಮರೆಮಾಡುವುದು, ಆಮೇಲೆ ಖಾಲಿ ಮಣೆ ಕೊಟ್ಟು ನೆನಪಿನಿಂದ ಜೋಡಿಸಲು ಹೇಳುವುದು. ನಿಜವಾದ ಆಟದಿಂದ ತೆಗೆದ ಸ್ಥಿತಿಯಾದರೆ ಮಾಸ್ಟರ್ ಮೊದಲ ನೋಟಕ್ಕೇ ಸುಮಾರು 16 ಕಾಯಿಗಳನ್ನು ಸರಿಯಾದ ಮನೆಯಲ್ಲಿಟ್ಟ. ಹೊಸಬ ಸುಮಾರು 4. ತಿರುವು ಮುಂದಿನದು. ಅದೇ ಕಾಯಿಗಳನ್ನು ಮಣೆಯ ಮೇಲೆ ಬೇಕಾಬಿಟ್ಟಿ ಚೆಲ್ಲಿ, ಯಾವ ಆಟದಲ್ಲೂ ಬರಲಾರದಂಥ ಸ್ಥಿತಿ ಮಾಡಿ ತೋರಿಸಿದಾಗ ಮಾಸ್ಟರನ ಕೈಚಳಕ ಮಾಯವಾಯಿತು. ಅವನೂ ಹೊಸಬನಂತೆ ಬೆರಳೆಣಿಕೆಯ ಕಾಯಿಗಳಿಗೆ ಬಂದು ನಿಂತ. ಅಂದರೆ ಅವನ ನೆನಪಿನ ಶಕ್ತಿಯೇನೂ ದೊಡ್ಡದಲ್ಲ. ಆಟದ ಲೋಕಕ್ಕೆ ಸೇರಿದ್ದು ಮಾತ್ರ ಅವನ ಕಣ್ಣಿಗೆ ಹಾಗೆ ಅಂಟಿಕೊಳ್ಳುತ್ತದೆ.

ಈ ಪ್ರಯೋಗದಲ್ಲಿ ಇದ್ದವರು ಮೂರೇ ಜನ ಎಂದು ಯಾರಾದರೂ ಆಕ್ಷೇಪಿಸಿದರೆ ತಪ್ಪೇನಿಲ್ಲ. ಆದರೆ ಬಳಿಕ ಬೇರೆಬೇರೆಯವರು ಇದನ್ನು ಮತ್ತೆಮತ್ತೆ ಮಾಡಿ ನೋಡಿದ್ದಾರೆ. ಅವನ್ನೆಲ್ಲ ಒಟ್ಟುಗೂಡಿಸಿ ಗೋಬೆ ಮತ್ತು ಸೈಮನ್ 1996ರಲ್ಲಿ ಕಂಡುಕೊಂಡದ್ದು ಇಷ್ಟು: ಚೆಲ್ಲಾಪಿಲ್ಲಿ ಮಣೆಯಲ್ಲೂ ಮಾಸ್ಟರಿಗೆ ಒಂದು ಚಿಕ್ಕ ಮೇಲುಗೈ ಉಳಿಯುತ್ತದೆ, ಏಕೆಂದರೆ ಚೆಲ್ಲಿದಾಗಲೂ ಅಲ್ಲೊಂದು ಇಲ್ಲೊಂದು ಪರಿಚಿತ ಜೋಡಣೆ ಆಕಸ್ಮಿಕವಾಗಿ ಮೂಡಿಬಿಡುತ್ತದೆ. ಈ ತಿದ್ದುಪಡಿಯಿಂದ ಮೂಲ ಮಾತು ಇನ್ನಷ್ಟು ಗಟ್ಟಿಯಾಯಿತು ಎಂದೇ ನನ್ನ ಎಣಿಕೆ. ಚೆಸ್ಸಿಗೆ ಸಂಬಂಧವೇ ಇಲ್ಲದ ಕಡೆಯೂ ಇದು ನಡೆಯುತ್ತದೆ. 1981ರಲ್ಲಿ ಪ್ರೋಗ್ರಾಂ ಬರೆಯುವವರಿಗೆ ಒಂದು ಪುಟದ ಕೋಡ್ ತೋರಿಸಿ ನೆನಪಿನಿಂದ ಬರೆಯಿಸಿದಾಗ ಅನುಭವಿಗಳು ಬಹಳ ಮುಂದಿದ್ದರು. ಅದೇ ಕೋಡಿನ ಸಾಲುಗಳನ್ನು ಕಲಸಿ ಕೊಟ್ಟಾಗ ಅನುಭವಿ ಮತ್ತು ಹೊಸಬರ ನಡುವಿನ ಅಂತರ ಅಳಿಸಿಹೋಯಿತು. ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಚೇರಿಯಲ್ಲಿ ಸೀನಿಯರ್ ಒಬ್ಬರು ಪರದೆಯನ್ನು ಸರಸರ ಮೇಲೆ ಸರಿಸುತ್ತ ‘ಇಲ್ಲೆಲ್ಲೋ ಎಡವಟ್ಟಾಗಿದೆ’ ಎನ್ನುವುದರ ಹಿಂದೆ ಇರುವುದು ಇದೇ.

ಇದರ ಒಳಗುಟ್ಟನ್ನು ಓದುವ ಕೆಲಸಕ್ಕೆ ಹೋಲಿಸಿ ನೋಡಬಹುದು. ಒಂದನೇ ಕ್ಲಾಸಿನ ಮಗು ಬಸ್ಸಿನ ಬೋರ್ಡನ್ನು ಓದುವಾಗ ಶ-ಗುಡಿಸು-ಶಿ, ವ, ಮ-ಒತ್ವ-ಮೊ, ಗ-ಗ-ಒತ್ತು ಎಂದು ಕಾಗುಣಿತ ಕೂಡಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ದೊಡ್ಡವರಿಗೆ ಅಲ್ಲಿ ಅಕ್ಷರಗಳೇ ಕಾಣುವುದಿಲ್ಲ, ‘ಶಿವಮೊಗ್ಗ’ ಕಾಣುತ್ತದೆ. ಓದಬಾರದು ಎಂದು ಹಠ ಹಿಡಿದು ನೋಡಿದರೂ ಓದಿಸಿಕೊಳ್ಳುತ್ತದೆ. ಗ್ರ್ಯಾಂಡ್‌ಮಾಸ್ಟರಿಗೆ ಮಣೆ ಕಾಣುವುದು ಹೀಗೆ. ಕೋಟೆ ಕಟ್ಟಿಕೊಂಡ ರಾಜ, ಅವನ ಮುಂದಿನ ಮೂರು ಪದಾತಿಗಳು, ಪಕ್ಕದ ಆನೆ ಇವೆಲ್ಲ ಹೊಸಬನಿಗೆ ಐದು ಬೇರೆಬೇರೆ ಸಂಗತಿಗಳಾದರೆ ಅವನಿಗೆ ಒಂದು. ಸೈಮನ್ ಇಂಥ ಒಂದೊಂದು ಕಟ್ಟನ್ನು ಚಂಕ್ ಎಂದು ಕರೆದ; ನಾವು ಗೊಂಚಲು ಎನ್ನೋಣ. ಮನುಷ್ಯನ ತಕ್ಷಣದ ನೆನಪಿನ ಕೈಗೆ ಒಂದು ಸಲಕ್ಕೆ ಹಿಡಿಯುವುದು ಏಳೋ ಎಂಟೋ ಸಂಗತಿ ಎಂದು ಜಾರ್ಜ್ ಮಿಲ್ಲರ್ 1956ರಲ್ಲೇ ತೋರಿಸಿದ್ದ. ಇನ್ನೂ ಕಡಿಮೆ ಎನ್ನುವವರಿದ್ದಾರೆ. ವರ್ಷಗಳ ಕೆಲಸದಿಂದ ಆ ಕೈ ದೊಡ್ಡದಾಗುವುದಿಲ್ಲ, ಅದು ಎತ್ತಿಕೊಳ್ಳುವ ಒಂದೊಂದು ಸಂಗತಿಯೂ ದೊಡ್ಡದಾಗುತ್ತದೆ. ಮಾಸ್ಟರನ ತಲೆಯಲ್ಲಿ ಇಂಥ ಗೊಂಚಲುಗಳು 50,000ದ ಸುಮಾರಿಗೆ ಇರಬಹುದು ಎಂಬುದು ಸೈಮನ್‌ನ ಅಂದಾಜು. ಅದು ಒಬ್ಬ ಓದುಬರಹ ಬಲ್ಲವನ ಪದಭಂಡಾರಕ್ಕೆ ಹತ್ತಿರದ ಸಂಖ್ಯೆ. ಅಷ್ಟನ್ನು ಕೂಡಿಡಲು ವರ್ಷಗಳೇ ಬೇಕು, ಅಡ್ಡದಾರಿ ಇಲ್ಲ.

ಯಾವ ಬಗೆಯ ಸಮಸ್ಯೆ ಇದು?

ಹಾಗಾದರೆ ಅನುಭವ ಎಂದರೆ ಬರೀ ದೊಡ್ಡ ಉಗ್ರಾಣವೇ? ಇಲ್ಲ. ಗೊಂಚಲಿನೊಂದಿಗೆ ‘ಇದಕ್ಕೆ ಏನು ಮಾಡಬೇಕು’ ಎಂಬುದೂ ಅಂಟಿಕೊಂಡು ಬರುತ್ತದೆ. 1981ರಲ್ಲಿ ಮಿಷೆಲಿನ್ ಚಿ ಮತ್ತು ಸಂಗಡಿಗರು ಭೌತಶಾಸ್ತ್ರದ ಲೆಕ್ಕಗಳನ್ನು ಕಾರ್ಡುಗಳ ಮೇಲೆ ಬರೆದು, ಬಿಡಿಸುವುದು ಬೇಡ, ಒಂದೇ ಬಗೆಯವನ್ನು ಒಟ್ಟಿಗಿಡಿ ಸಾಕು ಎಂದರು. ಪದವಿ ವಿದ್ಯಾರ್ಥಿಗಳು ಇಳಿಜಾರಿನ ಲೆಕ್ಕಗಳನ್ನೆಲ್ಲ ಒಂದು ಕಡೆ, ಸ್ಪ್ರಿಂಗಿನವನ್ನು ಇನ್ನೊಂದು ಕಡೆ ಹಾಕಿದರು. ಪಿಎಚ್.ಡಿ. ಮಟ್ಟದವರು ಇಳಿಜಾರಿನ ಲೆಕ್ಕವನ್ನೂ ಸ್ಪ್ರಿಂಗಿನ ಲೆಕ್ಕವನ್ನೂ ಒಂದೇ ಗುಡ್ಡೆಗೆ ಸೇರಿಸಿದರು, ಎರಡೂ ಶಕ್ತಿ ಸಂರಕ್ಷಣೆಯ ನಿಯಮದಿಂದ ಬಿಡಿಸುವಂಥವು ಎಂದು. ಹೊಸಬರ ವಿಂಗಡಣೆಗೆ ಚಿತ್ರ ಆಧಾರವಾದರೆ ಹಳಬರ ವಿಂಗಡಣೆಗೆ ಪರಿಹಾರವೇ ಆಧಾರ. ಅವರು ಸಮಸ್ಯೆಯನ್ನು ಗುರುತಿಸಿದ್ದರಲ್ಲೇ ಉತ್ತರದ ಮುಕ್ಕಾಲು ಪಾಲು ಸೇರಿಹೋಗಿತ್ತು. ಲೆಕ್ಕ ಬಿಡಿಸುವ ದಿಕ್ಕೂ ಇದರಿಂದಲೇ ಬದಲಾಗುತ್ತದೆ. ಹೊಸಬ ‘ಕಂಡುಹಿಡಿಯಬೇಕಾದ್ದು ಏನು’ ಎಂಬಲ್ಲಿಂದ ಹಿಂದಕ್ಕೆ ತಡಕುತ್ತಾನೆ. ಪಳಗಿದವನು ಕೊಟ್ಟದ್ದರಿಂದ ಹೊರಟು ನೇರ ಮುಂದಕ್ಕೆ ನಡೆಯುತ್ತಾನೆ.

ವೈದ್ಯರಲ್ಲೂ ಹೀಗೆಯೇ. ಮಿಷಿಗನ್‌ನಲ್ಲಿ ಎಲ್ಸ್‌ಟೈನ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನ 1978ರಲ್ಲಿ ಪುಸ್ತಕವಾಗಿ ಬಂತು. ಒಳ್ಳೆಯ ವೈದ್ಯ ಎಲ್ಲ ವಿವರ ಕೂಡಿಹಾಕಿದ ಮೇಲೆ ನಿಧಾನಕ್ಕೆ ತೀರ್ಮಾನಕ್ಕೆ ಬರುತ್ತಾನೆ ಎಂದು ಪಠ್ಯಪುಸ್ತಕಗಳು ಬೋಧಿಸುತ್ತಿದ್ದವು. ನಿಜದಲ್ಲಿ ಹಳಬರೂ ಹೊಸಬರೂ ರೋಗಿ ಮಾತು ಶುರುಮಾಡಿದ ಕೆಲವೇ ನಿಮಿಷಗಳಲ್ಲಿ ನಾಲ್ಕೈದು ಊಹೆಗಳನ್ನು ಮಾಡಿಕೊಂಡಿರುತ್ತಾರೆ. ವಿಧಾನದಲ್ಲಿ ಇಬ್ಬರೂ ಒಂದೇ. ಹಳಬರ ಊಹೆಗಳು ಹೆಚ್ಚು ಸಲ ಸರಿಯಾದವಾಗಿರುತ್ತವೆ, ಅಷ್ಟೇ.

ತುರ್ತು ಕೆಲಸಗಳಲ್ಲಿ ಈ ‘ಅಷ್ಟೇ’ ಜೀವ ಉಳಿಸುತ್ತದೆ. 1980ರ ದಶಕದ ನಡುವಿನಲ್ಲಿ ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ ಅಮೆರಿಕದ ಅಗ್ನಿಶಾಮಕ ದಳಗಳ ಮುಖ್ಯಸ್ಥರನ್ನು ಮಾತಾಡಿಸಿದ. ಅವರು ಎರಡು ದಾರಿಗಳನ್ನಾದರೂ ತೂಗಿ ನೋಡುತ್ತಾರೆಂದು ಎಣಿಸಿ ಹೋದವನಿಗೆ ಸಿಕ್ಕ ಉತ್ತರ, ತೂಗುವುದೇ ಇಲ್ಲ ಎಂದು. ಬೆಂಕಿ ನೋಡುತ್ತಿದ್ದಂತೆ ಒಂದು ದಾರಿ ಹೊಳೆಯುತ್ತದೆ. ಅದನ್ನು ಮನಸ್ಸಿನಲ್ಲೇ ಒಮ್ಮೆ ನಡೆಸಿ ನೋಡುತ್ತಾರೆ. ಎಡವದಿದ್ದರೆ ಅದೇ ಸರಿ, ಎಡವಿದರೆ ಮುಂದಿನದು. ಅವರು ವಿವರಿಸಿದ ತೀರ್ಮಾನಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಈ ಬಗೆಯವು.

ಕ್ಲೈನ್ ದಾಖಲಿಸಿದ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಒಂದಂತಸ್ತಿನ ಮನೆ, ಹಿಂಭಾಗದ ಅಡುಗೆಮನೆಯಲ್ಲಿ ಬೆಂಕಿ. ದಳದ ಅಧಿಕಾರಿ ಪೈಪು ಹಿಡಿದ ಸಂಗಡಿಗರೊಂದಿಗೆ ಒಳಹೊಕ್ಕು ಹಜಾರದಿಂದ ನೀರು ಬಿಟ್ಟ. ಆ ಗಾತ್ರದ ಬೆಂಕಿ ಅಷ್ಟು ನೀರಿಗೆ ತಗ್ಗಬೇಕಿತ್ತು, ತಗ್ಗಲಿಲ್ಲ. ಇನ್ನೊಮ್ಮೆ ಬಿಟ್ಟರೂ ಅಷ್ಟೇ. ಅವನಿಗೆ ಏನೋ ಸರಿಯಿಲ್ಲ ಅನಿಸಿತು, ಎಲ್ಲರೂ ಹೊರಗೆ ನಡೆಯಿರಿ ಎಂದ. ಅವರು ಹೊರಬೀಳುತ್ತಿದ್ದಂತೆ ತಾವು ನಿಂತಿದ್ದ ನೆಲವೇ ಕುಸಿಯಿತು. ನಿಜವಾದ ಬೆಂಕಿ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ. ಆ ಮನೆಗೆ ನೆಲಮಾಳಿಗೆ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ತನಗೆ ಅತೀಂದ್ರಿಯ ಶಕ್ತಿ ಇದೆ ಎಂದು ಆ ಅಧಿಕಾರಿ ನಂಬಿಕೊಂಡಿದ್ದ. ಕ್ಲೈನ್ ಕೆದಕಿ ಕೇಳಿದಾಗ ಹೊರಬಂದ ಸಂಗತಿಗಳಲ್ಲಿ ಅತೀಂದ್ರಿಯವಾದ್ದು ಏನೂ ಇರಲಿಲ್ಲ. ಅಡುಗೆಮನೆಯ ಸಣ್ಣ ಬೆಂಕಿಗೆ ಹಜಾರದಲ್ಲಿ ಇರಬಾರದಷ್ಟು ಸೆಕೆ ಇತ್ತು. ಅಷ್ಟು ಸೆಕೆ ಎಬ್ಬಿಸುವ ಬೆಂಕಿಗೆ ಇರಬೇಕಾದ ಸದ್ದು ಇರಲಿಲ್ಲ, ನೆಲದ ಹಾಸು ಅದನ್ನು ನುಂಗಿತ್ತು. ನೀರಿಗೆ ಬೆಂಕಿ ಬಗ್ಗಲಿಲ್ಲ. ಬೆಂಕಿ ನೆಲದಡಿ ಇದೆಯೆಂದು ಅವನು ಊಹಿಸಿದ್ದೇ ಇಲ್ಲ. ಅವನಿಗೆ ತಿಳಿದದ್ದು ಇದು ತಾನು ಬಲ್ಲ ಬೆಂಕಿಯಲ್ಲ ಎಂಬುದು ಮಾತ್ರ. ಗುರುತು ಹಿಡಿಯುವ ಶಕ್ತಿಯ ಇನ್ನೊಂದು ಮಗ್ಗುಲು ಇದು: ಮಾಮೂಲು ಯಾವುದೆಂದು ಚೆನ್ನಾಗಿ ಬಲ್ಲವನಿಗೇ ಮಾಮೂಲು ತಪ್ಪಿದ್ದು ಚುಚ್ಚುತ್ತದೆ.

ಆಮೇಲೆ ಕೇಳಿ ಬರೆದುಕೊಂಡ ಕತೆಗಳನ್ನು ಎಷ್ಟು ನಂಬುವುದು ಎಂಬ ಪ್ರಶ್ನೆ ಏಳದೆ ಇರದು. ನೆನಪು ಕತೆಯನ್ನು ನುಣುಪು ಮಾಡುತ್ತದೆ, ಮೋಸಹೋದ ಅಧಿಕಾರಿಗಳ ಕತೆ ಹೇಳಲು ಅವರೇ ಉಳಿದಿರುವುದಿಲ್ಲ. ಕ್ಲೈನ್‌ನ ಸಾಕ್ಷ್ಯವೊಂದೇ ಇದ್ದಿದ್ದರೆ ನಾನೂ ಅನುಮಾನಿಸುತ್ತಿದ್ದೆ. ಚೆಸ್, ಭೌತಶಾಸ್ತ್ರ, ಕೋಡ್ ಎಂದು ಪ್ರಯೋಗಶಾಲೆಯ ಗಡಿಯಾರದೆದುರು ಅಳೆದದ್ದೂ ಅದೇ ಕಡೆಗೆ ಬೆರಳು ತೋರಿಸುವುದರಿಂದ ಮಾತ್ರ ಅದಕ್ಕೆ ಬೆಲೆ.

ಕಣ್ಣೆದುರಿದ್ದೂ ಕಾಣದ್ದು

ಪದವನ್ನು ಇಡಿಯಾಗಿ ಓದುವವರಿಗೆ ಅಚ್ಚಿನ ತಪ್ಪು ಕಾಣುವುದಿಲ್ಲ. ಪತ್ರಿಕಾ ಕಚೇರಿಯಲ್ಲಿ ಕರಡು ತಿದ್ದಿದವರಿಗೆಲ್ಲ ಇದು ಗೊತ್ತು. ಅನುಭವಿಗಳ ಕೆಲಸದಲ್ಲೂ ಈ ಬೆಲೆ ತೆರಬೇಕಾಗುತ್ತದೆ. 2008ರಲ್ಲಿ ಬಿಲಾಲಿಚ್, ಮೆಕ್ಲಿಯಡ್ ಮತ್ತು ಗೋಬೆ ಪ್ರಬಲ ಆಟಗಾರರಿಗೆ ಒಂದು ಸ್ಥಿತಿ ಕೊಟ್ಟರು. ಅದರಲ್ಲಿ ಎಲ್ಲರಿಗೂ ಪರಿಚಿತವಾದ ಪಟ್ಟೊಂದರಿಂದ ಗೆಲ್ಲಬಹುದಿತ್ತು, ಅಷ್ಟು ಪರಿಚಿತವಲ್ಲದ, ಅದಕ್ಕಿಂತ ಚಿಕ್ಕ ದಾರಿಯೂ ಒಂದಿತ್ತು. ಹೆಚ್ಚಿನವರು ಪರಿಚಿತ ಪಟ್ಟು ಹಿಡಿದರು. ಇನ್ನೂ ಒಳ್ಳೆಯದು ಹುಡುಕಿ ಎಂದಾಗ ‘ಹುಡುಕುತ್ತಿದ್ದೇವೆ’ ಎಂದರು. ಅವರು ಸುಳ್ಳು ಹೇಳಲಿಲ್ಲ, ಆದರೆ ಕಣ್ಣಿನ ಚಲನೆ ಅಳೆಯುವ ಯಂತ್ರದ ಪ್ರಕಾರ ಅವರ ದೃಷ್ಟಿ ಹಳೆಯ ಪಟ್ಟಿನ ಮನೆಗಳಿಗೇ ಮರಳಿ ಮರಳಿ ಹೋಗುತ್ತಿತ್ತು.

ಇದಕ್ಕಿಂತ ಹೆಸರಾದದ್ದು 2013ರಲ್ಲಿ ಡ್ರೂ, ವೋ ಮತ್ತು ವುಲ್ಫ್ ಮಾಡಿದ ಪ್ರಯೋಗ. ಶ್ವಾಸಕೋಶದ ಸಿಟಿ ಸ್ಕ್ಯಾನಿನಲ್ಲಿ ಗಂಟುಗಳನ್ನು ಹುಡುಕಲು 24 ರೇಡಿಯಾಲಜಿಸ್ಟರಿಗೆ ಹೇಳಿ, ಕೊನೆಯ ಸ್ಕ್ಯಾನಿನಲ್ಲಿ ಒಂದು ಗೊರಿಲ್ಲಾದ ಚಿತ್ರವನ್ನು ಸೇರಿಸಿಬಿಟ್ಟರು. ಅದು ಸರಾಸರಿ ಗಂಟಿನ 48 ಪಟ್ಟು ದೊಡ್ಡದು. 20 ಮಂದಿಗೆ ಅದು ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ನೇರ ಅದರ ಮೇಲೇ ಹಾದುಹೋಗಿತ್ತು. ಈ ಸುದ್ದಿ ಓದಿ ‘ತಜ್ಞರೆಂದರೆ ಇಷ್ಟೇ’ ಎಂದು ನಕ್ಕವರು ಬಹಳ. ಅವರು ಗಮನಿಸದ ಇನ್ನೊಂದು ಫಲಿತಾಂಶ ಅದೇ ವರದಿಯಲ್ಲಿದೆ: ವೈದ್ಯಕೀಯ ತರಬೇತಿ ಇಲ್ಲದ ಸಾಮಾನ್ಯರಿಗೆ ಅದೇ ಕೆಲಸ ಕೊಟ್ಟಾಗ ಒಬ್ಬರಿಗೂ ಗೊರಿಲ್ಲಾ ಕಾಣಲಿಲ್ಲ, ಗಂಟುಗಳೂ ರೇಡಿಯಾಲಜಿಸ್ಟರಿಗೆ ಕಂಡಷ್ಟು ಕಾಣಲಿಲ್ಲ. ಹೊಸ ಕಣ್ಣು ಬೇಕು ಎಂದು ಕಚೇರಿಗಳಲ್ಲಿ ಆಡುವ ಮಾತನ್ನು ಅದಕ್ಕೇ ಅಳೆದು ಒಪ್ಪಬೇಕು. ಹೊಸ ಕಣ್ಣು ಏನನ್ನೂ ಮುಂಚೆಯೇ ತಳ್ಳಿಹಾಕುವುದಿಲ್ಲ ನಿಜ, ಏನನ್ನೂ ಹೆಕ್ಕಿಕೊಳ್ಳುವುದೂ ಇಲ್ಲ.

ಉತ್ತರ ತೋರಿಸುವ ಕೆಲಸ, ತೋರಿಸದ ಕೆಲಸ

ಇಲ್ಲಿಯವರೆಗಿನ ವಾದಕ್ಕೆ ದೊಡ್ಡ ಏಟು ಕೊಡಬಲ್ಲ ಆಕ್ಷೇಪ ಬೇರೆಯೇ ಇದೆ. ವರ್ಷ ಕಳೆದಂತೆ ಕಣ್ಣು ಪಳಗುವುದಾದರೆ ಹಿರಿತನಕ್ಕೂ ಕೆಲಸದ ಗುಣಮಟ್ಟಕ್ಕೂ ತಾಳೆಯಾಗಬೇಕು. ಆಗುತ್ತದೆಯೇ? ಚೌಧರಿ ಮತ್ತು ಸಂಗಡಿಗರು 2005ರಲ್ಲಿ ವೈದ್ಯರ ಸೇವಾವಧಿ ಮತ್ತು ಚಿಕಿತ್ಸೆಯ ಗುಣಮಟ್ಟ ಕುರಿತ 62 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ವರ್ಷ ಹೆಚ್ಚಿದಂತೆ ಗುಣಮಟ್ಟ ಇಳಿದಿತ್ತು. ಇದರಲ್ಲಿ ಸ್ವಲ್ಪ ಪಾಲು ಹಳೆಯ ಪಾಠದ್ದು: ಇಪ್ಪತ್ತು ವರ್ಷದ ಹಿಂದೆ ಕಲಿತ ಔಷಧಿ ಇವತ್ತಿಗೆ ಸಲ್ಲದಿರಬಹುದು. ಪೂರ್ತಿ ಕಾರಣ ಅದೇ ಆಗಿರಲಾರದು. ವೈದ್ಯಕೀಯದ ಹೊರಗೆ ನೋಡಿ. ಜೇಮ್ಸ್ ಶಾಂಟೋ 1992ರಲ್ಲಿ ವೃತ್ತಿಗಳನ್ನು ಎರಡು ಪಾಲು ಮಾಡಿ ಹೇಳಿದ. ಹವಾಮಾನ ಹೇಳುವವರು, ಜಾನುವಾರು ಪರೀಕ್ಷಕರು, ಮಣ್ಣು ಗುರುತಿಸುವವರು, ಕಾಳು ಪರೀಕ್ಷಿಸುವವರು, ಚೆಸ್ ಮಾಸ್ಟರುಗಳ ಅನುಭವ ಫಲ ಕೊಡುತ್ತದೆ. ಷೇರು ದಲ್ಲಾಳಿಗಳು, ಕೆಲಸಕ್ಕೆ ಆಳು ಆರಿಸುವವರು, ಮನೋಚಿಕಿತ್ಸಕರ ಮುನ್ಸೂಚನೆಗಳಲ್ಲಿ ಅಂಥ ಫಲ ಕಾಣುವುದಿಲ್ಲ. ಎರಡನೇ ಪಾಲಿನವರೇನೂ ದಡ್ಡರಲ್ಲ, ಓದು ಕಡಿಮೆಯಾದವರೂ ಅಲ್ಲ.

ಈ ಗಂಟನ್ನು ಬಿಡಿಸಿದ್ದು ಎದುರಾಳಿಗಳಿಬ್ಬರ ಜಂಟಿ ಬರಹ. ಅನುಭವಿಗಳ ಹೊಳಹನ್ನು ಮೆಚ್ಚುವ ಕ್ಲೈನ್ ಮತ್ತು ಅದನ್ನು ಸದಾ ಅನುಮಾನಿಸುವ ಡೇನಿಯಲ್ ಕಾನೆಮನ್ 2009ರಲ್ಲಿ ಕೂಡಿ ಕೂತು ಬರೆದರು. ಜಗಳವಾಡಲು ಹೊರಟು ಒಪ್ಪಿಗೆಗೆ ಬಂದರು. ಹೊಳಹನ್ನು ನಂಬಲು ಎರಡು ಷರತ್ತು ತೀರಬೇಕು ಎಂಬುದು ಅವರ ತೀರ್ಮಾನ. ಆ ಕೆಲಸದ ಲೋಕದಲ್ಲಿ ಸುಳಿವಿಗೂ ಫಲಕ್ಕೂ ನಂಟು ನಿಯತವಾಗಿರಬೇಕು. ಆ ನಂಟನ್ನು ಕಲಿಯಲು ಕೆಲಸಗಾರನಿಗೆ ಉತ್ತರ ಬೇಗನೆ, ಸ್ಪಷ್ಟವಾಗಿ, ಮತ್ತೆಮತ್ತೆ ಸಿಗಬೇಕು. ಟೈಮಿಂಗ್ ಚೈನ್ ಎಂದ ಮೆಕ್ಯಾನಿಕ್ ಬಿಚ್ಚಿ ನೋಡಿದರೆ ತಾನು ಹೇಳಿದ್ದು ನಿಜವೋ ಸುಳ್ಳೋ ಅಲ್ಲೇ ತಿಳಿಯುತ್ತದೆ. ಸಂದರ್ಶನದಲ್ಲಿ ಒಬ್ಬರನ್ನು ಆರಿಸಿ ಒಂಬತ್ತು ಮಂದಿಯನ್ನು ವಾಪಸು ಕಳಿಸಿದ ಅಧಿಕಾರಿಗೆ ಆ ಒಂಬತ್ತು ಮಂದಿ ಏನಾದರೆಂದು ಎಂದೂ ತಿಳಿಯುವುದಿಲ್ಲ. ಕೆಮ್ಮಿಗೆ ಔಷಧಿ ಬರೆಸಿಕೊಂಡ ರೋಗಿ ಮರಳಿ ಬರದಿದ್ದರೆ ವಾಸಿಯಾಯಿತೋ, ಬೇರೆ ಡಾಕ್ಟರಲ್ಲಿಗೆ ಹೋದನೋ? ಮೊದಲನೆಯದೇ ನಿಜವೆಂದು ನಂಬುವುದು ಎಷ್ಟು ಸುಲಭ! ಇಂಥ ಕಡೆಯೂ ಗೊಂಚಲುಗಳು ಬೆಳೆಯುತ್ತಲೇ ಇರುತ್ತವೆ, ಆತ್ಮವಿಶ್ವಾಸವೂ ಬೆಳೆಯುತ್ತದೆ. ಅವು ಸರಿಯೋ ತಪ್ಪೋ ಎಂದು ಹೇಳುವವರಿಲ್ಲ, ಅಷ್ಟೇ. ಸೇವಾವಧಿ ಎಣಿಸಿ ಬಡ್ತಿ ಕೊಡುವ ಪದ್ಧತಿ ಈ ಎರಡು ಬಗೆಯ ಇಪ್ಪತ್ತು ವರ್ಷಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತದೆ ಎಂಬುದು ನನಗೆ ಸದಾ ವಿಚಿತ್ರವಾಗಿ ಕಾಣುವ ಸಂಗತಿ.

ಕೆಲಸವೇ ಉತ್ತರ ಕೊಡದಿದ್ದರೆ ಉತ್ತರವನ್ನು ಹೊರಗಿನಿಂದ ತಂದು ಬೆರೆಸಬಹುದು. ಬ್ರಿಟನ್ನಿನ ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ಎಕ್ಸ್‌ರೇ ಓದುವವರಿಗೆ ಎದುರಾಗುವ ಸಾವಿರ ಮಹಿಳೆಯರ ಚಿತ್ರಗಳಲ್ಲಿ ಕ್ಯಾನ್ಸರ್ ಇರುವುದು ಹತ್ತಕ್ಕಿಂತ ಕಡಿಮೆ ಮಂದಿಗೆ. ಹಾಗಾಗಿ ಅಲ್ಲಿ ಪರ್ಫಾರ್ಮ್ಸ್ ಎಂಬ ಏರ್ಪಾಡಿನಲ್ಲಿ, ಉತ್ತರ ಮೊದಲೇ ಖಚಿತವಾಗಿರುವ ಚಿತ್ರಗಳ ಕಟ್ಟನ್ನು ಅವರಿಗೆ ಓದಲು ಕೊಟ್ಟು, ಎಲ್ಲಿ ತಪ್ಪಿದರೆಂದು ತಿಳಿಸುತ್ತಾರೆ. ಇದರಲ್ಲೂ ಒಂದು ತೊಡಕು ಉಂಟು. ಪರೀಕ್ಷೆಯ ಕಟ್ಟಿನಲ್ಲಿ ಕ್ಯಾನ್ಸರ್ ಚಿತ್ರಗಳು ಬೇಕೆಂದೇ ಹೆಚ್ಚು, ದಿನದ ಕೆಲಸದಲ್ಲಿ ಅಪರೂಪ. ಅಪರೂಪದ್ದನ್ನು ಕಣ್ಣು ಹೆಚ್ಚು ತಪ್ಪಿಸುತ್ತದೆ. ವುಲ್ಫ್ ಮತ್ತು ಜೊತೆಗಾರರು 2005ರಲ್ಲಿ ಪ್ರಯೋಗಶಾಲೆಯಲ್ಲಿ ಅಳೆದಾಗ, ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿದ್ದರೆ ಶೇ. 7ರಷ್ಟು ಸಲ ತಪ್ಪಿಹೋಯಿತು, ನೂರರಲ್ಲಿ ಒಂದರಲ್ಲಿದ್ದರೆ ಶೇ. 30ರಷ್ಟು ಸಲ. ವಿಮಾನ ನಿಲ್ದಾಣಗಳ ಎಕ್ಸ್‌ರೇ ಯಂತ್ರಗಳು ಈ ತೊಡಕಿಗೆ ಬೇರೆ ಮದ್ದು ಹಿಡಿದಿವೆ. ಪರೀಕ್ಷೆಗೆಂದು ಬೇರೆ ದಿನವಿಲ್ಲ. ನಿಜವಾದ ಪ್ರಯಾಣಿಕರ ಬ್ಯಾಗುಗಳು ಸಾಗುತ್ತಿರುವಾಗಲೇ ಯಂತ್ರ ನಡುನಡುವೆ ಒಂದು ಬ್ಯಾಗಿನ ಚಿತ್ರದೊಳಗೆ ಪಿಸ್ತೂಲಿನ ಸುಳ್ಳು ಚಿತ್ರ ತೂರಿಸುತ್ತದೆ. ಪರದೆಯ ಮುಂದೆ ಕೂತವರು ಗುಂಡಿ ಒತ್ತಿದರೆ ‘ಇದು ಪರೀಕ್ಷೆ, ನೀವು ಹಿಡಿದಿರಿ’ ಎಂದು ಆ ಕ್ಷಣವೇ ಹೇಳುತ್ತದೆ, ಒತ್ತದೆ ಬ್ಯಾಗನ್ನು ಮುಂದೆ ಬಿಟ್ಟರೆ ತಪ್ಪಿಸಿಕೊಂಡದ್ದು ಎಲ್ಲಿತ್ತೆಂದು ತೋರಿಸುತ್ತದೆ.